ಐದು ವರ್ಷ ನಿಂತ ಗೋಡೆ, ಒಂದೇ ಮಳೆಗಾಲಕ್ಕೆ ಸುಲಿದ ಕುಂಡ

ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿರುವ ನಮ್ಮ ಹಳೆಯ ಮನೆಯ ಪಡಸಾಲೆಗೆ ಕೆಮ್ಮಣ್ಣಿನ ಬಣ್ಣದ ಮ್ಯಾಟ್ ಎಮಲ್ಷನ್ (ನೀರಿನಲ್ಲಿ ಕಲಸುವ, ಹೊಳಪಿಲ್ಲದ ಗೋಡೆ ಬಣ್ಣ) ಹಚ್ಚಿಸಿ ಐದು ವರ್ಷವಾಯಿತು. ಅಂಗಡಿಯವರ ಕಾರ್ಡಿನಲ್ಲಿ ಉಗುರಿನಷ್ಟಗಲ ನೋಡಿ ಮೆಚ್ಚಿದ ಬಣ್ಣ ಗೋಡೆಗೆ ಬಂದಾಗ ಎರಡು ಪಟ್ಟು ಗಾಢವಾಗಿ ಕಂಡಿತು. ಹಾಗಾಗಿ ಒಂದು ಗೋಡೆಗೆ ಮಾತ್ರ ಅದನ್ನು ಉಳಿಸಿ, ಮಿಕ್ಕ ಮೂರಕ್ಕೆ ಕೆನೆ ಬಿಳುಪು ಬಳಿಸಿದೆವು. ಆ ತೀರ್ಮಾನಕ್ಕೆ ಇಂದಿಗೂ ಖುಷಿಯಿದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಗೋಡೆ ಆಗಷ್ಟೇ ಸಾರಿಸಿದ ಅಂಗಳದಂತೆ ಕಾಣುತ್ತದೆ.

ಬಣ್ಣ ಮಾಸಿಲ್ಲ. ಆದರೆ ಅಪ್ಪ ಕುರ್ಚಿಯಲ್ಲಿ ಕುಳಿತು ತಲೆಯಾನಿಸುವ ಜಾಗದಲ್ಲಿ ಎಣ್ಣೆಯ ಕಲೆಯಾಯಿತು. ಒದ್ದೆ ಬಟ್ಟೆಯಿಂದ ಉಜ್ಜಿದೆ. ಕಲೆ ಹೋಯಿತು, ಉಜ್ಜಿದ ಅಂಗೈಯಗಲ ಮಾತ್ರ ಮಿರಮಿರ ಮಿಂಚತೊಡಗಿತು. ಹೊಳಪಿಲ್ಲದ ಬಣ್ಣದ ಸ್ವಭಾವವೇ ಅದು. ಮಕ್ಕಳು, ಹಿರಿಯರು ಓಡಾಡುವ ಕಡೆ ತುಸು ಹೊಳಪಿರುವ ಬಗೆಯನ್ನೇ ಕೊಳ್ಳಿರಿ.

ನಿಜವಾದ ತೊಂದರೆ ಗೋಡೆಯ ಬುಡದಲ್ಲಿ. ನಮ್ಮದು ಕಲ್ಲು, ಮಣ್ಣಿನ ಗೋಡೆ. ಅಡಿಪಾಯದ ತೇವ ಮೇಲೇರುತ್ತದೆ. ಎರಡನೆಯ ವರ್ಷಕ್ಕೆ ಮೊಣಕಾಲೆತ್ತರದವರೆಗೆ ಗುಳ್ಳೆಗಳೆದ್ದವು. ಒಂದನ್ನು ಉಗುರಿನಿಂದ ಒಡೆದಾಗ ಒಳಗಿನಿಂದ ಬಿಳಿ ಉಪ್ಪಿನ ಪುಡಿ ಉದುರಿತು. ಸುಣ್ಣವಾಗಿದ್ದರೆ ತೇವವನ್ನು ಹೊರಗೆ ಬಿಡುತ್ತಿತ್ತು. ಎಮಲ್ಷನ್ ಪೊರೆಯಂತೆ ಕಟ್ಟಿ ಹಾಕಿತು. ಅಷ್ಟನ್ನೂ ಕೆರೆದು ಸುಣ್ಣ ಬಳಿದು, ಮೇಲೆ ಜಾಜಿನ, ಅಂದರೆ ಕೆಮ್ಮಣ್ಣಿನ, ಪಟ್ಟಿ ಎಳೆದೆವು. ಆಮೇಲೆ ಗುಳ್ಳೆಯೆದ್ದಿಲ್ಲ.

ಉಳಿದ ಬಣ್ಣವನ್ನು ಜಗಲಿಯ ಆರು ಮಣ್ಣಿನ ಕುಂಡಗಳಿಗೆ ಬಳಿದು, ಮೇಲೆ ಬಿಳಿ ಚುಕ್ಕಿ, ಬಳ್ಳಿ ಬರೆದಿದ್ದೆ. ಮೂರು ದಿನದ ಕೆಲಸ. ನಾಲ್ಕರಲ್ಲಿ ಗಿಡ ನೆಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ನಾಲ್ಕರ ಬಣ್ಣ ಈರುಳ್ಳಿ ಸಿಪ್ಪೆಯಂತೆ ಸುಲಿದು, ಬರೆದ ಬಳ್ಳಿಗಳೆಲ್ಲ ನೆಲ ಸೇರಿದವು. ಬಹಳ ನೊಂದುಕೊಂಡೆ. ಕುಂಡ ಕೊಟ್ಟ ಕುಂಬಾರಜ್ಜ ನೋಡಿ, “ಮಣ್ಣು ಕುಡಿದ ನೀರು ಹೊರಗೆ ಬರಲೇಬೇಕಲ್ಲಮ್ಮ, ನೀನು ದಾರಿ ಮುಚ್ಚಿದೆ” ಎಂದರು. ಅವರು ಜಾಜಿನ ಲೇಪವನ್ನು ಸುಡುವ ಮೊದಲೇ ಕೊಡುತ್ತಾರೆ; ಆವಿಗೆಯಲ್ಲಿ ಅದು ಮಡಕೆಯ ಮೈಗೇ ಅಂಟಿಕೊಳ್ಳುತ್ತದೆ, ರಂಧ್ರಗಳೂ ಮುಚ್ಚುವುದಿಲ್ಲ. ನಮ್ಮೂರಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕ ಶಾತವಾಹನರ ಕಾಲದ ಮಡಕೆ ಚೂರುಗಳಲ್ಲಿ ಕೆಂಗಂದು ಲೇಪವೂ ಬಿಳಿ ಗೆರೆಗಳೂ ಇನ್ನೂ ಉಳಿದಿದ್ದವು. ಸುಮಾರು ಎರಡು ಸಾವಿರ ವರ್ಷ ಮಣ್ಣಿನಡಿ ಇದ್ದ ಬಣ್ಣ!

ಈ ಎಮಲ್ಷನ್ ಮತ್ತೆ ಕೊಳ್ಳುತ್ತೀರಾ ಎಂದರೆ, ಒಣ ಗೋಡೆಗೆ ಖಂಡಿತ ಕೊಳ್ಳುತ್ತೇನೆ. ಹೊಸ ಸಿಮೆಂಟ್ ಗಾರೆಯಾದರೆ 28 ದಿನವಾದರೂ ಒಣಗಲು ಬಿಟ್ಟು ಹಚ್ಚಿಸಿರಿ. ನೀರುಣ್ಣುವ ಕುಂಡಕ್ಕೆ ಮಾತ್ರ ಬೇಡ. ಗಿಡ ನೆಡದೆ ಒಳಗಿಟ್ಟು ಒಣಹುಲ್ಲಿನ ಗೊಂಚಲು ಸಿಕ್ಕಿಸಿದ ಉಳಿದೆರಡು ಕುಂಡಗಳ ಮೇಲೆ ನನ್ನ ಬಳ್ಳಿಗಳು ಒಂದೆಲೆಯೂ ಉದುರದೆ ಹಾಗೇ ಇವೆ.