ಹಳೆಯ ಮದರ್‌ಬೋರ್ಡ್‌ನ ಬಯಾಸ್ ಅಪ್‌ಡೇಟ್: ತಯಾರಕರ ತಂತ್ರಾಂಶವನ್ನೇ ನಂಬಿ ಗುಂಡಿ ಒತ್ತಬೇಡಿ

ಹಳೆಯ ಮದರ್‌ಬೋರ್ಡ್ ಇರುವ ಕಂಪ್ಯೂಟರಿನಲ್ಲಿ ತಯಾರಕರ ಅಪ್‌ಡೇಟ್ ತಂತ್ರಾಂಶವು ‘ಹೊಸ ಬಯಾಸ್ ಲಭ್ಯವಿದೆ’ ಎಂದು ತೋರಿಸಿದರೆ, ದಯವಿಟ್ಟು ಕೂಡಲೇ ಒಪ್ಪಿಗೆ ಕೊಡಬೇಡಿ. ಬಯಾಸ್ ಎಂದರೆ ಕಂಪ್ಯೂಟರ್ ಶುರುವಾದ ಕೂಡಲೇ ಎಲ್ಲಕ್ಕಿಂತ ಮೊದಲು ನಡೆಯುವ, ಬೋರ್ಡ್ ಮೇಲಿನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶ. ನನ್ನ ಬೋರ್ಡ್ ಅಂಥದೊಂದು ತಂತ್ರಾಂಶದಿಂದಲೇ ನಿಶ್ಚಲವಾಯಿತು. ನಡುವೆ ವಿದ್ಯುತ್ ಹೋಗಿರಲಿಲ್ಲ, ಯಂತ್ರ ಯುಪಿಎಸ್ ಮೇಲಿತ್ತು. ಬೇರೆ ಮಾದರಿಯ ಫೈಲೂ ಬಂದಿರಲಿಲ್ಲ. ತಂತ್ರಾಂಶ ತಾನೇ ಬೋರ್ಡನ್ನು ಗುರುತಿಸಿ, ತಾನೇ ಫೈಲನ್ನು ಇಳಿಸಿಕೊಂಡಿತ್ತು. ಆದರೆ ಹಳೆಯ ಆವೃತ್ತಿಯಿಂದ ಕೊನೆಯ ಆವೃತ್ತಿಗೆ ಹೋಗುವ ದಾರಿಯಲ್ಲಿ ದಾಟಲೇಬೇಕಾಗಿದ್ದ ನಡುವಿನ ಹಂತವೊಂದನ್ನು ಅದು ಬಿಟ್ಟುಬಿಟ್ಟಿತು. ಬಯಾಸ್ ವಿಷಯ ಬಂದಾಗ ಕರೆಂಟ್ ಹೋಗುವ ಭಯವನ್ನು ಎಲ್ಲರೂ ಹೇಳುತ್ತಾರೆ. ಈ ಇನ್ನೊಂದು ಅಪಾಯವನ್ನು ಎತ್ತಿ ಹೇಳುವವರು ಕಡಿಮೆಯಾದ್ದರಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬೋರ್ಡ್ ಇಂಟೆಲ್‌ನ 6 ಸರಣಿಯ ಚಿಪ್‌ಸೆಟ್‌ನದು (ಪ್ರೊಸೆಸರನ್ನು ಬೋರ್ಡ್‌ನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್), ಅಂದರೆ 2011ರಲ್ಲಿ ಬಂದ ಸ್ಯಾಂಡಿ ಬ್ರಿಜ್ ಪ್ರೊಸೆಸರ್‌ಗಳ ಕಾಲದ್ದು. ಮರುವರ್ಷ ಬಂದ ಐವಿ ಬ್ರಿಜ್ ಪ್ರೊಸೆಸರ್‌ಗಳೂ ಅದೇ ಎಲ್‌ಜಿಎ 1155 ಸಾಕೆಟ್‌ನಲ್ಲಿ ಕೂರುತ್ತವೆ. ಆದರೆ 6 ಸರಣಿಯ ಬೋರ್ಡ್‌ನಲ್ಲಿ ಅವು ಕೆಲಸ ಮಾಡಬೇಕಾದರೆ ಹೊಸ ಬಯಾಸ್ ಒಂದೇ ಸಾಲದು. ಚಿಪ್‌ಸೆಟ್‌ನೊಳಗೆ ಸ್ವತಂತ್ರವಾಗಿ ನಡೆಯುವ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ನಿಯಂತ್ರಕದ ಫರ್ಮ್‌ವೇರ್ (ಅದನ್ನು ನಡೆಸುವ ಒಳ ತಂತ್ರಾಂಶ) ಕೂಡ 7ನೆಯ ಪೀಳಿಗೆಯಿಂದ 8ನೆಯದಕ್ಕೆ ಏರಬೇಕು. ಈ ಎರಡೂ ಇರುವುದು ಬೋರ್ಡ್ ಮೇಲಿನ ಎಂಟು ಕಾಲಿನ ಒಂದೇ ಫ್ಲ್ಯಾಶ್ ಚಿಪ್‌ನಲ್ಲಿ, ಒಂದೇ ಸೂರಿನಡಿ ಗೋಡೆ ಹಾಕಿಕೊಂಡು ಬೇರೆ ಬೇರೆ ಒಲೆ ಹೂಡಿದ ಸಂಸಾರಗಳಂತೆ. ನಾವು ‘ಬಯಾಸ್ ಫೈಲ್’ ಎಂದು ಇಳಿಸಿಕೊಳ್ಳುವುದು ಎಷ್ಟೋ ಸಲ ಅದರಲ್ಲಿ ಒಂದು ಭಾಗವನ್ನು ಮಾತ್ರ ಬದಲಿಸುತ್ತದೆ. ಉಳಿದ ಭಾಗಗಳು ಹಳೆಯವಾಗಿಯೇ ಇರುತ್ತವೆ.

ನನಗೆ ಅಪ್‌ಡೇಟ್ ಮಾಡಲು ತಕ್ಕ ಕಾರಣವಿತ್ತು. ನಾಲ್ಕು ಕೋರ್‌ಗಳ ಐವಿ ಬ್ರಿಜ್ ಪ್ರೊಸೆಸರ್ ಹಾಕಿದರೆ ಯಂತ್ರ ಇನ್ನೂ ಕೆಲವು ವರ್ಷ ಬಾಳುತ್ತಿತ್ತು. ತಯಾರಕರ ಬೆಂಬಲಪಟ್ಟಿಯಲ್ಲಿ ಆ ಪ್ರೊಸೆಸರ್ ಹೆಸರೂ, ಅದಕ್ಕೆ ಬೇಕಾದ ಬಯಾಸ್ ಆವೃತ್ತಿಯೂ ಇದ್ದವು. ಬೋರ್ಡ್ ಜೊತೆಗೆ ಬಂದಿದ್ದ ಅವರದೇ ವಿಂಡೋಸ್ ತಂತ್ರಾಂಶವನ್ನು ತೆರೆದಾಗ ಅದು ಕೊನೆಯ ಆವೃತ್ತಿಯನ್ನು ತೋರಿಸಿತು, ಇಳಿಸಿಕೊಂಡಿತು, ಚಿಪ್ ಅಳಿಸಿ ಬರೆಯಿತು, ಬರೆದದ್ದನ್ನು ಪರಿಶೀಲಿಸಿ ಯಶಸ್ವಿ ಎಂಬ ಹಸಿರು ಸೂಚನೆಯನ್ನೂ ಕೊಟ್ಟಿತು. ಆ ಪರಿಶೀಲನೆಯ ಅರ್ಥ ಫೈಲ್‌ನಲ್ಲಿ ಇದ್ದದ್ದೇ ಚಿಪ್‌ಗೆ ಹೋಗಿದೆ ಎಂಬುದಷ್ಟೇ; ಆ ಫೈಲ್ ಈ ಬೋರ್ಡ್‌ನ ಈಗಿನ ಸ್ಥಿತಿಗೆ ಹೊಂದುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ರೀಸ್ಟಾರ್ಟ್ ಆದ ಮೇಲೆ ಪರದೆ ಬೆಳಗಲೇ ಇಲ್ಲ. ಫ್ಯಾನ್‌ಗಳು ಕೆಲವು ಸೆಕೆಂಡ್ ತಿರುಗಿ ನಿಲ್ಲುತ್ತಿದ್ದವು, ಮತ್ತೆ ತಾವಾಗಿಯೇ ತಿರುಗುತ್ತಿದ್ದವು. ಬೀಪ್ ಸದ್ದೂ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಎಂದರೆ ಬೋರ್ಡ್ ಮೇಲಿನ ಸಿಆರ್ 2032 ಗುಂಡಿ ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿ, ಜಂಪರ್ ಜೋಡಿಸಿ ಸಿಮಾಸ್ (ಬಯಾಸ್‌ನ ಸೆಟ್ಟಿಂಗ್‌ಗಳನ್ನು ನೆನಪಿಡುವ ಜಾಗ) ತೆರವುಗೊಳಿಸಿ ಎಂಬುದು. ಅದನ್ನೂ ಮಾಡಿದ್ದಾಯಿತು, ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಬದಲಿಸಿದ್ದಾಯಿತು, ಗ್ರಾಫಿಕ್ಸ್ ಕಾರ್ಡ್ ತೆಗೆದದ್ದಾಯಿತು. ಸಿಮಾಸ್ ತೆರವಿನಿಂದ ಅಳಿಯುವುದು ಗಡಿಯಾರ ಮತ್ತು ಸೆಟ್ಟಿಂಗ್‌ಗಳು ಮಾತ್ರ. ಫ್ಲ್ಯಾಶ್ ಚಿಪ್‌ನಲ್ಲಿ ಬರೆದಿರುವ ಕೋಡ್ ಅದರಿಂದ ಹಿಂದಕ್ಕೆ ಬರುವುದಿಲ್ಲ. ಎರಡು ಬಯಾಸ್ ಚಿಪ್ ಇರುವ ಬೋರ್ಡ್ ಆಗಿದ್ದರೆ, ಅಥವಾ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದಿದ್ದರೆ ಆಗ ದಾರಿಯಿರುತ್ತಿತ್ತು. ಕಡಿಮೆ ದರ್ಜೆಯ ಹಳೆಯ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ, ನನ್ನದರಲ್ಲೂ ಇರಲಿಲ್ಲ.

ಕೊನೆಗೆ ಚಿಪ್ ಮಟ್ಟದ ದುರಸ್ತಿ ಬಲ್ಲ ತಂತ್ರಜ್ಞರೊಬ್ಬರು ಆ ಚಿಪ್‌ನಲ್ಲಿದ್ದುದನ್ನು ಪ್ರೋಗ್ರಾಮರ್ ಎಂಬ, ಚಿಪ್ಪನ್ನು ನೇರವಾಗಿ ಓದಿ ಬರೆಯುವ ಸಾಧನದಿಂದ ಓದಿ ನೋಡಿದರು. ಬಯಾಸ್ ಭಾಗ ಹೊಸದು, ಮ್ಯಾನೇಜ್‌ಮೆಂಟ್ ಎಂಜಿನ್ ಭಾಗ ಇನ್ನೂ 7ನೆಯ ಪೀಳಿಗೆಯದು. ತಯಾರಕರ ಡೌನ್‌ಲೋಡ್ ಪುಟವನ್ನು ಆವೃತ್ತಿಯಿಂದ ಆವೃತ್ತಿಗೆ ಕೆಳಗಿಳಿಯುತ್ತ ಓದಿದಾಗ, ನಡುವಿನ ಒಂದು ಆವೃತ್ತಿಯ ವಿವರಣೆಯಲ್ಲಿ ‘ಮೊದಲು ಇದನ್ನು ಹಾಕಿ, ನಂತರ ಮ್ಯಾನೇಜ್‌ಮೆಂಟ್ ಎಂಜಿನ್ ಅಪ್‌ಡೇಟ್ ಮಾಡಿ, ಆಮೇಲೆ ಮುಂದಿನ ಆವೃತ್ತಿಗೆ ಹೋಗಿ, ಹಿಂದಿನದಕ್ಕೆ ಮರಳಲಾಗದು’ ಎಂಬರ್ಥದ ಸೂಚನೆ ಸಿಕ್ಕಿತು. ಕೊನೆಯ ಆವೃತ್ತಿಯ ವಿವರಣೆಯಲ್ಲಿ ಅದರ ಸುಳಿವೇ ಇರಲಿಲ್ಲ, ತಂತ್ರಾಂಶವಂತೂ ಅದನ್ನು ತೋರಿಸಲೇ ಇಲ್ಲ. ತಯಾರಕರಿಗೆ ಬರೆದರೆ, ಬೋರ್ಡ್‌ನ ಸೇವಾ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ಸೇವಾ ಅವಧಿ ಮುಗಿದ ಬೋರ್ಡ್‌ಗೆ ಅದೇ ತಂತ್ರಾಂಶ ಇಂದಿಗೂ ಅಪ್‌ಡೇಟ್ ನೀಡುತ್ತಿರುವುದು ಹೇಗೆ ಸರಿ ಎಂಬ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಇದು ನನ್ನನ್ನು ನಿಜವಾಗಿಯೂ ನೋಯಿಸಿದೆ, ಏಕೆಂದರೆ ಆ ಸೂಚನೆಯ ಒಂದು ಸಾಲನ್ನು ಪರದೆಯ ಮೇಲೆ ತೋರಿಸಿದ್ದರೆ ಸಾಕಿತ್ತು.

ಬೋರ್ಡ್‌ಗೆ ಜೀವ ಬಂದದ್ದು ಚಿಪ್ಪನ್ನು ಪೂರ್ತಿ ಅಳಿಸಿ, ಅದೇ ಮಾದರಿಯ ಮತ್ತೊಂದು ಬೋರ್ಡ್‌ನಿಂದ ತೆಗೆದ ಇಡೀ ಚಿಪ್‌ನ ಪ್ರತಿಯನ್ನು ಬರೆದ ಮೇಲೆ. ಆದರೆ ಇಡೀ ಚಿಪ್ ಬದಲಾದಾಗ ಬೋರ್ಡ್‌ನ ಸ್ವಂತ ಗುರುತುಗಳೂ ಹೋಗುತ್ತವೆ: ಕ್ರಮಸಂಖ್ಯೆ, ವಿಂಡೋಸ್ ಪರವಾನಗಿ ಹೊಂದಿಕೊಂಡಿದ್ದ ಗುರುತಿನ ಮಾಹಿತಿ, ಇಂಟೆಲ್‌ನ ಲ್ಯಾನ್ (ಜಾಲ) ಚಿಪ್ ಇರುವ ಬೋರ್ಡ್ ಆದರೆ ಜಾಲದ ಮ್ಯಾಕ್ ವಿಳಾಸವೂ. ಇವೆಲ್ಲವನ್ನೂ ಖಚಿತವಾಗಿ ಉಳಿಸಬಲ್ಲದ್ದು ಅಪ್‌ಡೇಟ್‌ಗೆ ಮೊದಲು ನಿಮ್ಮದೇ ಚಿಪ್‌ನಿಂದ ತೆಗೆದಿಟ್ಟ ಪ್ರತಿ, ಮತ್ತು ಆ ಪ್ರತಿ ಅದೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿ ಅಲ್ಲದೆ ಬೇರೆಡೆ ಇರಬೇಕು. ಪ್ರೋಗ್ರಾಮರ್ ಬಳಸಿ ನೀವೇ ಓದುವುದಾದರೆ ಎರಡು ಮಾತು ನೆನಪಿಡಿ. ಹಳೆಯ ಬೋರ್ಡ್‌ಗಳ ಚಿಪ್‌ಗಳು ಬಹುತೇಕ 3.3 ವೋಲ್ಟ್‌ನವು, ನಂತರದ ಕೆಲವು ಬೋರ್ಡ್‌ಗಳಲ್ಲಿ 1.8 ವೋಲ್ಟ್‌ನವು ಇವೆ. ಅಗ್ಗದ ಸಿಎಚ್341ಎ ಎಂಬ ಪ್ರೋಗ್ರಾಮರ್‌ಗಳಲ್ಲಿ ಕೆಲವು, ಸಂಕೇತದ ತಂತಿಗಳಿಗೆ 5 ವೋಲ್ಟ್ ಕೊಡುತ್ತವೆ, ಅದು ಇಂಥ ಚಿಪ್‌ಗಳಿಗೆ ಹೆಚ್ಚಾಗಿ ಅವು ಕೆಡಬಹುದು. ಚಿಪ್ಪನ್ನು ಬೋರ್ಡ್‌ನಿಂದ ಬಿಡಿಸದೆ ಕ್ಲಿಪ್ ಕಚ್ಚಿಸಿ ಓದಿದರೆ ವಿದ್ಯುತ್ತು ಬೋರ್ಡ್‌ನ ಬೇರೆ ಭಾಗಗಳಿಗೂ ಹರಿದು ಓದು ತಪ್ಪಬಹುದು; ಎರಡು ಸಲ ಓದಿದ ಫೈಲ್‌ಗಳು ಬೈಟ್ ಬೈಟ್ ಹೊಂದಿದರೆ ಮಾತ್ರ ಆ ಪ್ರತಿಯನ್ನು ನಂಬಬೇಕು.

ಈ ತೊಂದರೆ ಇಂಟೆಲ್ ಬೋರ್ಡ್‌ಗಳಿಗೆ ಮಾತ್ರ ಸೀಮಿತವಲ್ಲ. ಎಎಮ್‌ಡಿಯ ಎಎಂ4 ಸಾಕೆಟ್ ಹಲವು ಪೀಳಿಗೆಯ ಪ್ರೊಸೆಸರ್‌ಗಳನ್ನು ಹೊತ್ತುಕೊಂಡು ಬಂದಿದೆ, ಆದರೆ ಅನೇಕ ಬೋರ್ಡ್‌ಗಳ ಬಯಾಸ್ ಚಿಪ್ ಇದ್ದದ್ದು 16 ಎಂಬಿ ಮಾತ್ರ. ಹೊಸ ಪ್ರೊಸೆಸರ್‌ಗಳ ಕೋಡ್‌ಗೆ ಜಾಗ ಮಾಡಲು ಕೆಲವು ತಯಾರಕರು ನಂತರದ ಆವೃತ್ತಿಗಳಲ್ಲಿ ಹಳೆಯ ಎ ಸರಣಿಯ ಪ್ರೊಸೆಸರ್‌ಗಳ ಬೆಂಬಲವನ್ನೇ ತೆಗೆದುಹಾಕಿದರು. ಅಂಥ ಪ್ರೊಸೆಸರ್ ಕೂತಿರುವ ಯಂತ್ರಕ್ಕೆ ಕೊನೆಯ ಬಯಾಸ್ ಹಾಕಿದರೆ, ಬರವಣಿಗೆ ನಿರ್ದೋಷವಾಗಿ ಮುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹಾಗೆಯೇ, ಒಂದೇ ಹೆಸರಿನಲ್ಲಿ ಬೇರೆ ಬೇರೆ ರಿವಿಷನ್‌ನ ಬೋರ್ಡ್‌ಗಳನ್ನು ಮಾರುವ ತಯಾರಕರಿದ್ದಾರೆ. ಒಂದರ ಫೈಲ್ ಇನ್ನೊಂದಕ್ಕೆ ಸಲ್ಲುವುದಿಲ್ಲ. ರಿವಿಷನ್ ಸಂಖ್ಯೆ ಸಾಮಾನ್ಯವಾಗಿ ಬೋರ್ಡ್‌ನ ಅಂಚಿನಲ್ಲಿ ಅಚ್ಚಾಗಿರುತ್ತದೆ, ಅದನ್ನು ಕ್ಯಾಬಿನೆಟ್ ತೆರೆದು ಕಣ್ಣಾರೆ ನೋಡುವುದೇ ಒಳ್ಳೆಯದು.

ಅಪ್‌ಡೇಟ್ ನಿಮಗೆ ಬೇಕೇ ಎಂಬುದನ್ನೂ ಕೇಳಿಕೊಳ್ಳಿ. ಭದ್ರತೆಗಾಗಿ ಎಂದಾದರೆ, ಪ್ರೊಸೆಸರ್‌ನ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ ಕೋಡ್) ತಿದ್ದುಪಡಿಗಳನ್ನು ವಿಂಡೋಸ್ ಮತ್ತು ಲಿನಕ್ಸ್‌ಗಳೂ ಪ್ರತಿ ಸಲ ಶುರುವಾಗುವಾಗ ತುಂಬಬಲ್ಲವು. ಬಯಾಸ್ ಮೂಲಕ ಅವಸರದಲ್ಲಿ ಬಂದದ್ದೆಲ್ಲ ಸುರಕ್ಷಿತ ಎಂದೂ ಹೇಳಲಾಗದು: ಪ್ರೊಸೆಸರ್‌ಗಳಲ್ಲಿ ಕಂಡುಬಂದ ಸ್ಪೆಕ್ಟರ್ ಎಂಬ ಭದ್ರತಾ ದೋಷಕ್ಕಾಗಿ ಬಿಡುಗಡೆಯಾದ ಮೊದಲ ಮೈಕ್ರೋಕೋಡ್‌ಗಳು ಯಂತ್ರಗಳನ್ನು ತಾವಾಗಿಯೇ ರೀಸ್ಟಾರ್ಟ್ ಮಾಡಿಸುತ್ತಿದ್ದುದರಿಂದ, 2018ರ ಜನವರಿಯಲ್ಲಿ ಇಂಟೆಲ್ ತಾನೇ ಅವುಗಳ ಬಳಕೆಯನ್ನು ನಿಲ್ಲಿಸಲು ಹೇಳಿತು. ವಿಂಡೋಸ್ 11ರ ಆಸೆಯಿಂದ ಮಾಡುವುದಾದರೆ, 2011ರ ಕಾಲದ ಬೋರ್ಡ್‌ಗೆ ಎಷ್ಟು ಹೊಸ ಬಯಾಸ್ ಹಾಕಿದರೂ ಅಧಿಕೃತ ಅರ್ಹತೆ ಬರುವುದಿಲ್ಲ. ಹೊಸ ಪ್ರೊಸೆಸರ್, ಅಥವಾ ನೀವು ಅನುಭವಿಸುತ್ತಿರುವ ಒಂದು ದೋಷಕ್ಕೆ ಆವೃತ್ತಿಯ ವಿವರಣೆಯಲ್ಲಿ ಹೆಸರಿಸಿರುವ ಪರಿಹಾರ, ಇವೆರಡೇ ನನ್ನ ದೃಷ್ಟಿಯಲ್ಲಿ ಸಾಕಷ್ಟು ಕಾರಣಗಳು.

ಮಾಡಲೇಬೇಕಾದರೆ ವಿಂಡೋಸ್ ಒಳಗಿನ ತಂತ್ರಾಂಶವನ್ನು ಬಿಟ್ಟು, ಬಯಾಸ್ ಸೆಟಪ್‌ನೊಳಗೇ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟಗಳು) ಇರುವ ಫ್ಲ್ಯಾಶ್ ಸೌಲಭ್ಯವನ್ನು ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನೊಂದಿಗೆ ಬಳಸಿ. ಈಗಿರುವ ಆವೃತ್ತಿಯಿಂದ ಬೇಕಾದ ಆವೃತ್ತಿಯವರೆಗಿನ ಎಲ್ಲ ವಿವರಣೆಗಳನ್ನೂ ಓದಿ, ಕೊನೆಯದನ್ನು ಮಾತ್ರ ಅಲ್ಲ. ಸೆಟಪ್‌ನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಏಕೆಂದರೆ ಅಪ್‌ಡೇಟ್ ಆದ ಮೇಲೆ ಡಿಸ್ಕ್‌ನೊಂದಿಗೆ ಮಾತಾಡುವ ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೋ, ಯಂತ್ರ ಶುರುವಾಗುವ ರೀತಿ ಹಳೆಯ ಲೆಗಸಿ ಬೂಟ್‌ನಿಂದ ಹೊಸ ಯುಇಎಫ್‌ಐಗೋ ತಿರುಗಿದರೆ ವಿಂಡೋಸ್ ಏಳುವುದಿಲ್ಲ ಮತ್ತು ಬೋರ್ಡ್ ಕೆಟ್ಟಿತೆಂಬ ಭ್ರಮೆ ಹುಟ್ಟುತ್ತದೆ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಮತ್ತು ರ‍್ಯಾಮ್‌ನ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿಸಿದ ವೇಗ) ತೆಗೆದು ಮೂಲ ವೇಗಕ್ಕೆ ತಂದ ಮೇಲೆಯೇ ಬರೆಯಲು ಶುರುಮಾಡಿ.

ಇಷ್ಟೆಲ್ಲ ಆದರೂ ಬರವಣಿಗೆಯ ನಡುವೆ ದೋಷದ ಸಂದೇಶ ಬಂದರೆ ಕಂಪ್ಯೂಟರನ್ನು ಆರಿಸಬೇಡಿ, ರೀಸ್ಟಾರ್ಟ್ ಕೂಡ ಮಾಡಬೇಡಿ. ಆ ಗಳಿಗೆಯಲ್ಲಿ ಯಂತ್ರ ನಡೆಯುತ್ತಿರುವುದು ರ‍್ಯಾಮ್‌ಗೆ ಆಗಲೇ ಬಂದಿರುವ ಕೋಡ್‌ನಿಂದ. ಚಿಪ್ ಅರ್ಧ ಖಾಲಿಯಿದ್ದರೂ ಅದು ಉಸಿರಾಡುತ್ತಿರುತ್ತದೆ. ಅದೇ ಸೌಲಭ್ಯದಿಂದ ಮತ್ತೊಮ್ಮೆ ಬರೆಯಲು ಪ್ರಯತ್ನಿಸಿ, ಆಗದಿದ್ದರೆ ತೆಗೆದಿಟ್ಟ ಹಳೆಯ ಪ್ರತಿಯನ್ನು ಬರೆಯಿರಿ, ಅದೂ ಆಗದಿದ್ದರೆ ಯಂತ್ರವನ್ನು ಹಾಗೆಯೇ ನಡೆಯಲು ಬಿಟ್ಟು ಬಲ್ಲವರನ್ನು ಫೋನಿನಲ್ಲಿ ಹುಡುಕಿ. ಎರಡನೆಯ ಬಯಾಸ್ ಚಿಪ್ಪಾಗಲಿ ಫ್ಲ್ಯಾಶ್‌ಬ್ಯಾಕ್ ಗುಂಡಿಯಾಗಲಿ ಇಲ್ಲದ ಬೋರ್ಡನ್ನು ಒಮ್ಮೆ ಆರಿಸಿದರೆ ಆಮೇಲೆ ಸಾಮಾನ್ಯವಾಗಿ ಉಳಿಯುವುದು ಪ್ರೋಗ್ರಾಮರ್ ಒಂದೇ.