ಹುಳು ತಿನ್ನುವ ಗಿಡಕ್ಕೆ ಯಾವ ಉಸುಕು? ಹೊಳೆಯದ್ದೋ, ಎಂ-ಸ್ಯಾಂಡೋ, ಫಿಲ್ಟರ್ ಉಸುಕೋ

ಹುಳು ತಿನ್ನುವ ಗಿಡ ಸಾಕುವವರ ಲೆಕ್ಕ ಸುಲಭ. ಕುಂಡಕ್ಕೆ ಪೀಟ್ ಮಾಸ್ (ಜೌಗಿನಲ್ಲಿ ಅರೆ ಕೊಳೆತ ಪಾಚಿ) ಎರಡು ಪಾಲು, ಉಸುಕು ಒಂದು ಪಾಲು. ತೋಟದ ಮಣ್ಣು, ಗೊಬ್ಬರ ಎರಡೂ ಬೇಡ. ಸರಿ, ಆದರೆ ಯಾವ ಉಸುಕು? ಕಲಬುರಗಿಯಲ್ಲಿ ಇದನ್ನು ಕೇಳಲೇಬೇಕು, ಯಾಕಂದ್ರೆ ನಮ್ಮದು ಸುಣ್ಣದ ಕಲ್ಲಿನ ಸೀಮೆ. ಶಹಾಬಾದ್ ಫರ್ಸಿ ಬರುವುದು, ವಾಡಿ-ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಅದೇ ಕಲ್ಲಿನಿಂದ. ಈ ಗಿಡಗಳಿಗೋ ಸತ್ವವಿಲ್ಲದ, ಹುಳಿ ಗುಣದ ಬುಡ ಬೇಕು. ಸುಣ್ಣ ಸೇರಿದರೆ ಆ ಹುಳಿ ಸತ್ತುಹೋಗುತ್ತದೆ.

ನಮ್ಮ ದೇಶದಲ್ಲೇ ಬೆಳೆಯುವ, ಎಲೆಯ ಅಂಟು ಹನಿಯಿಂದ ಹುಳು ಹಿಡಿಯುವ ಡ್ರಾಸೆರಾ ಬರ್ಮನಿ ಗಿಡದ ಬೀಜವನ್ನು ಬೇರೆ ಬೇರೆ ಮಿಶ್ರಣದಲ್ಲಿ ಬಿತ್ತಿ ನೋಡಿದೆ. ಬೀಜ ಒಂದೇ ಪೊಟ್ಟಣದ್ದು, ಇಟ್ಟ ಜಾಗ ಒಂದೇ, ಎಲ್ಲಕ್ಕೂ ಮಳೆ ನೀರು.

ಮೊದಲು ಕಾಗಿಣಾ ಹೊಳೆಯ ಉಸುಕು. ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿದೆ. ಎರಡು ಚಮಚ ಗಾಜಿನ ಲೋಟಕ್ಕೆ ಹಾಕಿ ಬಿಳಿ ವಿನೆಗರ್ ಸುರಿದೆ. ಕೆಂಪು, ಗಾಜಿನಂಥ ಕಾಳುಗಳು ಸುಮ್ನೆ ಕೂತಿದ್ದವು. ಬೂದು ಕಾಳುಗಳಿಗೆ ಮಾತ್ರ ಸಣ್ಣ ಗುಳ್ಳೆಗಳು ಅಂಟಿಕೊಂಡು, ಒಂದೊಂದೇ ಮೇಲಕ್ಕೆ ಏರತೊಡಗಿದವು. ಅದೇ ಸುಣ್ಣ. ಕಾಳೇ ಸುಣ್ಣದ ಕಲ್ಲಾಗಿದ್ದ ಮೇಲೆ ಎಷ್ಟು ತೊಳೆದರೇನು? ಸಸಿ ಹುಟ್ಟಿದವು, ಆದರೆ ಎಲೆ ದೊಡ್ಡದಾಗಲಿಲ್ಲ. ಎಲೆ ಮೇಲಿನ ಅಂಟು ಹನಿಯೂ ಕಡಿಮೆಯಾಯಿತು.

ಎಂ-ಸ್ಯಾಂಡ್ ಇನ್ನೂ ಕೆಟ್ಟದ್ದು. ಆಳಂದ, ಕಮಲಾಪುರ ಕಡೆ ಸಿಗುವ ಕರಿಕಲ್ಲನ್ನು ಪುಡಿ ಮಾಡಿದ್ದು. ಆ ಕಲ್ಲಿನ ಪೊಟರೆಗಳಲ್ಲೂ ಬಿಳಿ ಸುಣ್ಣ ಕೂತಿರುವುದುಂಟು. ಅದಕ್ಕಿಂತ ತಲೆನೋವು ಅದರ ಧೂಳು. ಕುಂಡದ ತಳಕ್ಕೆ ಇಳಿದು ರಾಡಿಯಾಗಿ ತೂತು ಮುಚ್ಚಿತು. ಗಾಳಿಯಾಡದೆ ಪೀಟ್ ನಾರತೊಡಗಿತು. ಗೋಡೆಗೆ ಒಳ್ಳೆಯದು, ಗಿಡಕ್ಕೆ ಬೇಡ.

ಗೆದ್ದದ್ದು ಫಿಲ್ಟರ್‌ನ ಸಿಲಿಕಾ ಉಸುಕು. ಹನಿ ನೀರಾವರಿಯ ಸ್ಯಾಂಡ್ ಫಿಲ್ಟರ್‌ಗೆ ರೈತರು ತುಂಬಿಸುತ್ತಾರಲ್ವಾ, ಅದೇ. ವಿನೆಗರ್ ಹಾಕಿದರೂ ಒಂದು ಗುಳ್ಳೆ ಏಳಲಿಲ್ಲ. ಒಂದೆರಡು ಮಿಲಿಮೀಟರ್ ಗಾತ್ರದ ಕಾಳು ಸಾಕು. ತೀರಾ ನುಣ್ಣಗಿದ್ದರೆ ಪೀಟ್ ಜೊತೆ ಗಟ್ಟಿಯಾಗುತ್ತದೆ. ಇದರಲ್ಲಿ ಸಸಿಗಳು ನೆಲಕ್ಕೆ ಒತ್ತಿಕೊಂಡು ದುಂಡಗೆ ಹರಡಿದವು. ಸೊಳ್ಳೆಗಳೂ ಸಿಕ್ಕಿಬಿದ್ದವು.

ಉಸುಕಿನ ಬದಲು ಹಾಕುವ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಕಾಳು) ಕೂಡ ಕೆಟ್ಟದ್ದೇನಲ್ಲ. ಬೇರಿಗೆ ಗಾಳಿ ಇದರಲ್ಲೇ ಜಾಸ್ತಿ. ಆದರೆ ಮೇಲಿಂದ ನೀರು ಹಾಕಿದಾಗೆಲ್ಲ ತೇಲಿ ಬರುತ್ತದೆ, ಪಾಚಿ ಕಟ್ಟುತ್ತದೆ, ಬೆಲೆಯೂ ಹೆಚ್ಚು. ಹಗುರ ಕುಂಡ ನಮ್ಮ ಬೇಸಿಗೆ ಗಾಳಿಗೆ ಉರುಳುತ್ತದೆ. ಹೂಜಿಯಂಥ ಎಲೆಯಲ್ಲಿ ಹುಳು ಬೀಳಿಸಿಕೊಳ್ಳುವ, ತೂಗು ಹಾಕುವ ಹೂಜಿ ಗಿಡಕ್ಕೆ ನಾನು ಇದನ್ನೇ ಹಾಕುವುದು, ಅಲ್ಲಿ ಉಸುಕಿನ ಭಾರ ಬೇಡ.

ಬೋರ್‌ವೆಲ್ ನೀರು ಹಾಕುವುದಾದರೆ ಯಾವ ಉಸುಕೂ ಕಾಪಾಡಲ್ಲ, ಸುಣ್ಣ ನೀರಲ್ಲೇ ಬರುತ್ತದೆ. ಇನ್ನು ಸಿಲಿಕಾ ಕೊಳ್ಳುವಾಗ ಅಂಗಡಿಯಿಂದ ಒಂದು ಹಿಡಿ ತಂದು ವಿನೆಗರ್ ಹಾಕಿ ನೋಡಿ. ಸಾಮಾನ್ಯವಾಗಿ ಇಡೀ ಚೀಲವನ್ನೇ ಕೊಡುತ್ತಾರೆ. ಗಿಡ ಸಾಕುವ ಇಬ್ಬರು ಮೂವರು ಸೇರಿ ಹಂಚಿಕೊಳ್ಳುವುದೇ ಲೇಸು.