ಸಾಲದ ಅನಲೈಸರ್, ಮಗಳ ಸೌಂಡ್ ಕಾರ್ಡ್

ಕಳೆದ ಬೇಸಿಗೆಯಲ್ಲಿ ಸಾಲ ಮಾಡಿ ಕೊಂಡ ಹಳೆಯ ಸ್ಪೆಕ್ಟ್ರಮ್ ಅನಲೈಸರ್, ಅಂದರೆ ಸಂಕೇತದಲ್ಲಿ ಯಾವ ಆವರ್ತನ ಎಷ್ಟಿದೆಯೆಂದು ತೋರಿಸುವ ಯಂತ್ರ, ಈಗ ಬಳ್ಳಾರಿಯ ನಮ್ಮ ಮನೆಯ ಮಹಡಿಯಲ್ಲಿ, ಕೆಂಪು ಧೂಳು ತಾಗದಂತೆ ಹಳೇ ಸೀರೆ ಹೊದ್ದು ಕುಳಿತಿದೆ. ಅದು ಕೆಟ್ಟಿಲ್ಲ, ನನ್ನ ಕೆಲಸಕ್ಕೆ ಒದಗಲಿಲ್ಲ. ಒದಗಿದ್ದು ಎರಡು ಸಂಕೇತಗಳನ್ನು ಗುಣಿಸುವ ಪುಟ್ಟ ಬಿಡಿಭಾಗವಾದ ಒಂದು ಡಬಲ್ ಬ್ಯಾಲೆನ್ಸ್ಡ್ ಮಿಕ್ಸರ್ ಮತ್ತು ಮಗಳ ಕಂಪ್ಯೂಟರಿನಿಂದ ಬಿಚ್ಚಿಕೊಂಡ 24 ಬಿಟ್ ಸೌಂಡ್ ಕಾರ್ಡ್.

ನಾನು ಪ್ರಯೋಗಾಲಯದ ಬೋಧಕಿ. ವಿದ್ಯಾರ್ಥಿಗಳು ಪುಟ್ಟ ರೇಡಾರಿಗೆಂದು 100 ಮೆಗಾಹರ್ಟ್ಸ್ ಅಲೆ ಹುಟ್ಟಿಸುವ ಆಸಿಲೇಟರ್ ಕಟ್ಟಿದ್ದರು. 10 ಮೈಕ್ರೋಸೆಕೆಂಡಿನ ಪಲ್ಸ್, ಸೆಕೆಂಡಿಗೆ 10,000 ಸಲ. ಅದರ ಫೇಸ್ ನಾಯ್ಸ್, ಅಂದರೆ ಅಲೆಯ ಲಯದಲ್ಲಿನ ಸಣ್ಣ ನಡುಕ, ಅಳೆಯಬೇಕಿತ್ತು. ಈ ನಡುಕ ಹೆಚ್ಚಾದರೆ ಗುಡ್ಡ, ಕಟ್ಟಡಗಳ ದೊಡ್ಡ ಪ್ರತಿಧ್ವನಿಯ ಸೆರಗಿನಡಿ ನಿಧಾನವಾಗಿ ಚಲಿಸುವ ವಸ್ತು ಮುಚ್ಚಿಹೋಗುತ್ತದೆ.

ನಿರಂತರ ಕ್ಯಾರಿಯರ್, ಅಂದರೆ ಪಲ್ಸಾಗಿ ಕತ್ತರಿಸದ ಇಡೀ ಅಲೆ, ಇದ್ದಾಗಲೇ ಅನಲೈಸರಿನ ಒಳಗಿನ ಆಸಿಲೇಟರ್ ನಮ್ಮದಕ್ಕಿಂತ ಕೊಳಕು ಎಂದು ತಿಳಿಯಿತು. ಪಲ್ಸ್ ಹಾಕಿದರೆ ಇನ್ನೂ ಕಷ್ಟ. 10 ಕಿಲೋಹರ್ಟ್ಸಿಗೊಂದರಂತೆ ಗೆರೆಗಳು ಹರಡಿಕೊಳ್ಳುತ್ತವೆ. ಸಂಕೇತ ಇರುವುದೇ ಹತ್ತನೇ ಒಂದು ಭಾಗದಷ್ಟು ಹೊತ್ತು, ಹಾಗಾಗಿ ನಡುಗೆರೆ 20 ಡೆಸಿಬೆಲ್ ಕುಸಿಯುತ್ತದೆ. ಯಂತ್ರದ ತಳದ ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಒಳಬರುವ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಇಳಿಸೋಣವೆಂದರೆ ಪಲ್ಸಿನ ನೆತ್ತಿ ತಗ್ಗಿಲ್ಲವಲ್ಲ, ಒಳಗಿನ ಮಿಕ್ಸರಿಗೆ ಉಸಿರುಗಟ್ಟುತ್ತದೆ. ವೈಶಾಲ್ಯದ ಏರಿಳಿತವನ್ನೂ ಫೇಸಿನ ಏರಿಳಿತವನ್ನೂ ಅದು ಬೇರ್ಪಡಿಸುವುದಿಲ್ಲ.

ಬೆಂಗಳೂರಿನಲ್ಲಿ ಗಂಟೆ ಬಾಡಿಗೆಗೆ ಕ್ರಾಸ್ ಕೋರಿಲೇಷನ್ ಯಂತ್ರವೂ, ಅಂದರೆ ಎರಡು ದಾರಿಯಲ್ಲಿ ಅಳೆದು ಹೋಲಿಸಿ ತನ್ನದೇ ಸದ್ದನ್ನು ತಗ್ಗಿಸಿಕೊಳ್ಳುವಂಥದ್ದು, ಸಿಕ್ಕಿತು. ಪಲ್ಸನ್ನು ತಾನೇ ಗುರುತಿಸಿ ಅಳೆಯಿತು, ದೋಷ ಹೇಳುವಂತಿಲ್ಲ; ಬೆಲೆ ಕೇಳಿ ರಾತ್ರಿ ಬಸ್ಸಿಗೆ ಹಿಂದಿರುಗಿದೆ.

ಮಿಕ್ಸರಿನ ದಾರಿ ಹಳೆಯದು. ಅದೇ ಆವರ್ತನದ ಶುದ್ಧ ಕ್ರಿಸ್ಟಲ್ ಆಸಿಲೇಟರನ್ನು 90 ಡಿಗ್ರಿ ಅಂತರದಲ್ಲಿ ಬೀಗ ಹಾಕಿ ನಿಲ್ಲಿಸಿದರೆ ಕ್ಯಾರಿಯರ್ ಅಳಿದು ಫೇಸಿನ ನಡುಕ ಮಾತ್ರ ವೋಲ್ಟೇಜಾಗಿ ಉಳಿಯುತ್ತದೆ. ಅದನ್ನು ಫಿಲ್ಟರ್ ಮಾಡಿ, ಹಿಗ್ಗಿಸಿ, ಸೌಂಡ್ ಕಾರ್ಡಿಗೆ ಕೊಟ್ಟರಾಯಿತು. ಇದೇ ನನ್ನನ್ನು ಎರಡು ದಿನ ಮೂರ್ಖಳನ್ನಾಗಿಸಿತು.

ನಿರಂತರ ಕ್ಯಾರಿಯರಿನಲ್ಲಿ ಎರಡು ಆಸಿಲೇಟರುಗಳನ್ನು ತುಸು ದೂರ ಸರಿಸಿ, ಎರಡರ ವ್ಯತ್ಯಾಸದಿಂದ ಹುಟ್ಟಿದ ಬೀಟ್ ಎಂಬ ಅಲೆಯ ಎತ್ತರದಿಂದ ಮಾಪನಾಂಕ, ಅಂದರೆ ಎಷ್ಟು ವೋಲ್ಟೇಜಿಗೆ ಎಷ್ಟು ಫೇಸ್ ಎಂಬ ಅಳತೆ, ಹಿಡಿದೆ. ಕ್ಯಾರಿಯರಿನಿಂದ 1 ಕಿಲೋಹರ್ಟ್ಸ್ ದೂರದಲ್ಲಿ ಸದ್ದು ಮೈನಸ್ 122 ಡೆಸಿಬೆಲ್ ಬಂತು; ಮೈನಸ್ ಹೆಚ್ಚಿದಷ್ಟೂ ಶುದ್ಧ. ಪಲ್ಸ್ ಹಾಕಿದೆ: ಮೈನಸ್ 140! ಹಿಗ್ಗಿ ಮನೆಯವರಿಗೆಲ್ಲ ಮಿರ್ಚಿ ತರಿಸಿದೆ. ಮರುದಿನ ಸಿರುಗುಪ್ಪದ ಹುಡುಗಿಯೊಬ್ಬಳು ಕೇಳಿದಳು, “ಮೇಡಂ, ಕತ್ತರಿಸಿ ಕಳಿಸಿದ ಸಂಕೇತ ಇಡೀ ಸಂಕೇತಕ್ಕಿಂತ ಹೇಗೆ ಶುದ್ಧವಾಗುತ್ತದೆ?”

ಉತ್ತರ ತೋಚಲಿಲ್ಲ. ರಾತ್ರಿ ಹೊಳೆಯಿತು. ಪಲ್ಸ್ ಇಲ್ಲದ ಹೊತ್ತಿನಲ್ಲಿ ಮಿಕ್ಸರ್ ಏನನ್ನೂ ಹೇಳುವುದಿಲ್ಲ. ಫಿಲ್ಟರಿನ ಆಚೆ ಬರುವುದು ಸರಾಸರಿ, ಅಂದರೆ ಹತ್ತನೇ ಒಂದು ಪಾಲು. ಮಿಕ್ಸರಿನ ಸಂವೇದನೆಯೇ 20 ಡೆಸಿಬೆಲ್ ಇಳಿದಿತ್ತು, ನಾನು ಹಳೆಯ ಮಾಪನಾಂಕವನ್ನೇ ಹಿಡಿದು ಕುಳಿತಿದ್ದೆ. ಪಲ್ಸ್ ಹಾಕಿಯೇ ಬೀಟ್ ಹಿಡಿದಾಗ ನಿಜ ಬಂತು: ಮೈನಸ್ 120. ಹೆಚ್ಚಾದ ಎರಡು ಡೆಸಿಬೆಲ್, ದೂರದ ಆವರ್ತನಗಳ ಸದ್ದು ಮಡಚಿಕೊಂಡು ಬಂದು ಸೇರಿದ್ದು. ಮಿರ್ಚಿಯ ದುಡ್ಡು ದಂಡ.

ಪಲ್ಸಿನ ಲೆಕ್ಕದಲ್ಲಿ ಅದು ಮರುಕಳಿಸುವ ದರದ ಅರ್ಧದಾಚೆ, ಅಂದರೆ 5 ಕಿಲೋಹರ್ಟ್ಸಿನಾಚೆ, ಯಾರೂ ಬಿಡಿಸಿ ನೋಡಲಾರರು. ಹಾಗಿರುವಾಗ ಹಾಡು ಕೇಳುವ ಸೌಂಡ್ ಕಾರ್ಡ್ ಯಾಕೆ ಸಾಲದು?

ಮಿಕ್ಸರಿಗೂ ಹಟವಿದೆ. ಮಧ್ಯಾಹ್ನದ ಬಿಸಿಲಿಗೆ 90 ಡಿಗ್ರಿ ಜಾರುತ್ತದೆ, ಜಾರಿದರೆ 10 ಕಿಲೋಹರ್ಟ್ಸಿನ ಗೆರೆ ಉಬ್ಬಿ ಆಂಪ್ಲಿಫೈಯರ್ ಮುಗ್ಗರಿಸುತ್ತದೆ. ಒಂಬತ್ತಕ್ಕೆ ಪಕ್ಕದ ಜೀನ್ಸ್ ಘಟಕದ ಹೊಲಿಗೆ ಮೋಟಾರುಗಳು ಶುರುವಾದರೆ 50 ಹರ್ಟ್ಸಿನ ಮುಳ್ಳುಗಳು ಸಾಲುಗಟ್ಟುತ್ತವೆ. ಕೈಗೂ ಬಿಡುವಿಲ್ಲ: ಬೀಗ, ಮಾಪನಾಂಕ, ಪ್ರತಿ ಸಲವೂ ಹೊಸದಾಗಿ.

ನಾನು ಐದಕ್ಕೆ ಏಳುವವಳು, ನೋಟ್ ಪುಸ್ತಕದಲ್ಲಿ ಲೆಕ್ಕ ಬರೆಯುವವಳು. ನನಗೆ ಮಿಕ್ಸರೇ ಸರಿ. ದಿನಕ್ಕೆ ಹತ್ತು ಆಸಿಲೇಟರ್ ಪರೀಕ್ಷಿಸುವವರಿಗೆ ಬೆಂಗಳೂರಿನ ಯಂತ್ರವೇ ಬೇಕು. ಅನಲೈಸರಿನಲ್ಲಿ ಈಗ ಪಲ್ಸಿನ ಗೆರೆಗಳ ಅಂತರವನ್ನಷ್ಟೇ ನೋಡುತ್ತೇನೆ. ಅದರ ಸಾಲಕ್ಕೆ ಇನ್ನೂ ಏಳು ಕಂತು ಬಾಕಿ.